ಮಲೆನಾಡಿನ ಮಳೆಗೆ ಬೈಕಿನ ಚೈನ್ ಕವರ್: ಆಯ್ಕೆ, ಖರ್ಚು, ಬಾಳಿಕೆಯ ಸಮಗ್ರ ಮಾರ್ಗದರ್ಶಿ

ಆರಿದ್ರೆ ಮಳೆ ಹಿಡಿದ ವಾರದಲ್ಲಿ ತೀರ್ಥಹಳ್ಳಿಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಒಂದೇ ಮಾತು ಕಿವಿಗೆ ಬೀಳುತ್ತದೆ: "ಚೈನ್ ಕಟಕಟ ಅಂತಿದೆ ಮಾರಾಯ, ಸ್ವಲ್ಪ ಟೈಟ್ ಮಾಡಿಕೊಡು." ಟೈಟ್ ಮಾಡಿಸಿಕೊಂಡು ಹೋದವರು ಸ್ವಲ್ಪ ದಿನಕ್ಕೆ ಮತ್ತೆ ಬರುತ್ತಾರೆ. ನವರಾತ್ರಿ ಹೊತ್ತಿಗೆ ಚೈನು, ಅದು ಓಡುವ ಹಲ್ಲುಗಾಲಿ ಅಂದರೆ ಸ್ಪ್ರಾಕೆಟ್ಟು, ಎರಡೂ ಮುಗಿದಿರುತ್ತವೆ. ಚೈನ್ ಮಾಡಿದ ಕಂಪನಿಯನ್ನು ಬೈಯುವವರೇ ಹೆಚ್ಚು. ಅದರ ಮೇಲಿದ್ದ ಕವರ್ ಯಾವ ಗತಿಗೆ ಬಂದಿದೆ ಅಂತ ಬಗ್ಗಿ ನೋಡುವವರು ಕಡಿಮೆ.

ಈ ಬರಹ ಆ ಕವರಿನ ಬಗ್ಗೆಯೇ. ಯಾವುದನ್ನು ಕೊಳ್ಳಬೇಕು, ಎಷ್ಟು ಕೊಡಬಹುದು, ಹಾಕುವ ಮೊದಲು ಏನು ಮಾಡಬೇಕು, ಮಳೆಗಾಲ ಪೂರ್ತಿ ಹೇಗೆ ನೋಡಿಕೊಳ್ಳಬೇಕು ಅಂತ ಒಂದೊಂದಾಗಿ ಹೇಳುತ್ತೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ನೀರನ್ನು ಪೂರ್ತಿ ತಡೆಯುವ ಚೈನ್ ಕವರ್ ಎಷ್ಟು ದುಡ್ಡು ಸುರಿದರೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಕವರಿನ ಯೋಗ್ಯತೆ ತಿಳಿಯುವುದು ಅದರ ತಳದಲ್ಲಿ. ಒಳಗೆ ಸೇರಿದ ನೀರು, ರಾಡಿ ಎಷ್ಟು ಬೇಗ ಹೊರಗೆ ಬೀಳುತ್ತದೆ ಅನ್ನುವುದನ್ನು ನೋಡಿ. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಕೆಸರು ಚೈನಿಗೆ ಮಾಡುವುದೇನು

ಚೈನ್ ಸವೆಯುವುದು ಹೊರಗಿನಿಂದ ಅಂತ ಅನೇಕರು ತಿಳಿದಿದ್ದಾರೆ. ನಿಜವಾಗಿ ಸವೆಯುವುದು ಒಳಗೆ. ಪ್ರತಿ ಕೊಂಡಿಯಲ್ಲೂ ಒಂದು ಪಿನ್, ಅದರ ಸುತ್ತ ಒಂದು ಬುಷ್, ಅದರ ಮೇಲೆ ತಿರುಗುವ ರೋಲರ್ ಇರುತ್ತದೆ. ಪಿನ್ನು ಬುಷ್ಷಿನ ನಡುವಿನ ಎಣ್ಣೆ ತೊಳೆದುಹೋಗಿ ಆ ಜಾಗಕ್ಕೆ ಮಣ್ಣು ಕೂತರೆ ಪ್ರತಿ ಸುತ್ತಿಗೂ ಅರ ಹಾಕಿ ಉಜ್ಜಿದ ಹಾಗೆ. ನಮ್ಮ ಜಂಬಿಟ್ಟಿಗೆ ಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ನುಣ್ಣನೆಯ ಜೇಡಿಯೂ ಇದೆ, ಕಬ್ಬಿಣದ ಅಂಶದ ಗಟ್ಟಿ ಹರಳೂ ಇದೆ. ಜೇಡಿ ಅಂಟಿಕೊಳ್ಳುತ್ತದೆ, ಹರಳು ಉಜ್ಜುತ್ತದೆ. ಒಂದೊಂದು ಪಿನ್ನು ಕೂದಲೆಳೆಯಷ್ಟು ಸವೆದರೂ ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಕೂಡಿ ಚೈನ್ "ಉದ್ದ" ಆಗುತ್ತದೆ. ಟೈಟ್ ಮಾಡಿದರೆ ಸಡಿಲ ಹೋಗುತ್ತದೆಯೇ ಹೊರತು ಸವೆದ ಪಿನ್ನು ಬೆಳೆಯುವುದಿಲ್ಲ.

ಇನ್ನೊಂದು ವಿಷಯ ಗೊತ್ತಿರಲಿ. ಸ್ಪ್ಲೆಂಡರ್, ಶೈನ್, ಪ್ಲಾಟಿನಾ ಜಾತಿಯ ಬೈಕುಗಳಿಗೆ ಮೇಲೂ ಕೆಳಗೂ ಮುಚ್ಚಿದ ಪೂರ್ತಿ ಚೈನ್ ಕೇಸ್ ಕೊಟ್ಟಿರುವುದರಿಂದ ಒಳಗೆ ಸಾಮಾನ್ಯವಾಗಿ ಸಾದಾ ಚೈನ್ ಇರುತ್ತದೆ. ದೊಡ್ಡ ಬೈಕುಗಳಲ್ಲಿ ಚೈನ್ ಬಯಲಿಗೇ ಇರುತ್ತದೆ. ಬದಲಿಗೆ ಪ್ರತಿ ಪಿನ್ನಿನ ಎರಡೂ ಕಡೆ ಸಣ್ಣ ರಬ್ಬರ್ ಉಂಗುರ ಹಾಕಿ ಒಳಗಿನ ಗ್ರೀಸನ್ನು ಕಾಪಾಡಿರುತ್ತಾರೆ. ಓ-ರಿಂಗ್, ಎಕ್ಸ್-ರಿಂಗ್ ಚೈನ್ ಅನ್ನುವುದು ಇದನ್ನೇ. ಸ್ಪ್ಲೆಂಡರಿನ ಕೇಸ್ ಕಿತ್ತೆಸೆದು "ಸ್ಪೋರ್ಟ್ಸ್ ಲುಕ್" ಮಾಡಿಸಿಕೊಳ್ಳುವ ಹುಡುಗರು ಕಳೆದುಕೊಳ್ಳುವುದು ತಗಡನ್ನು ಮಾತ್ರವಲ್ಲ. ರಬ್ಬರ್ ಉಂಗುರ ಇಲ್ಲದ ಸಾದಾ ಚೈನನ್ನು ಸೀದಾ ಕೆಸರಿಗೆ ಒಡ್ಡಿದ ಹಾಗಾಗುತ್ತದೆ.

ಹಂತ 1: ಈಗಿರುವುದನ್ನು ಬಿಚ್ಚಿ ನೋಡಿ

ಬೈಕನ್ನು ಸಮತಟ್ಟಾದ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಓಡಿಸಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ಈಗಲೂ ನೋಡುತ್ತೇವೆ. ಬಟ್ಟೆ ಸಿಕ್ಕಿಕೊಂಡರೆ ಹಿಂದೆಯೇ ಬೆರಳೂ ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಪೂರ್ತಿ ಕೇಸ್ ಇರುವ ಬೈಕಿನಲ್ಲಿ ಕೇಸಿನ ಪಕ್ಕದಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ಅದನ್ನು ತೆಗೆದು ಬೆರಳು ಹಾಕಿ ಒಳಗಿನ ತಳ ಮುಟ್ಟಿ. ಎಣ್ಣೆ ಜಿಡ್ಡು ಸಿಕ್ಕರೆ ಸರಿ. ಒದ್ದೆ ಮಣ್ಣು ಬೆರಳ ತುದಿಯಷ್ಟು ದಪ್ಪ ಕೂತಿದ್ದರೆ ಇಷ್ಟು ದಿನ ನಿಮ್ಮ ಚೈನ್ ಕೆಸರು ತೊಟ್ಟಿಯಲ್ಲಿ ಓಡಿದೆ ಅಂತ ಅರ್ಥ. ಬಹಳ ಬೈಕುಗಳಲ್ಲಿ ಆ ಬಿರಡೆಯೇ ಬಿದ್ದುಹೋಗಿರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಆ ಬಿರಡೆ ಇಲ್ಲದ ತೂತಿನಿಂದಲೇ ಅರ್ಧ ಕೆಸರು ಒಳಗೆ ಬರುತ್ತದೆ.

ಆಮೇಲೆ ಕೆಳಗಿನ ಅರ್ಧವನ್ನು ಬಿಚ್ಚಿ. 6 ಎಂಎಂ ಬೋಲ್ಟುಗಳಾದರೆ 10ರ ಸ್ಪ್ಯಾನರ್ ಸಾಕು. ತುಕ್ಕು ಹಿಡಿದಿದ್ದರೆ ಹಿಂದಿನ ದಿನ ರಾತ್ರಿಯೇ ಡಬ್ಲ್ಯೂಡಿ-40 ಇಲ್ಲವೇ ಡೀಸೆಲ್ ಹಾಕಿಟ್ಟರೆ ತಲೆ ಮುರಿಯುವುದು ತಪ್ಪುತ್ತದೆ. ಬಿಚ್ಚಿದ ತಗಡನ್ನು ಬೆಳಕಿಗೆ ಹಿಡಿದು ಒಳಮೈ ನೋಡಿ. ಹೊರಗೆ ಕಪ್ಪು ಪೇಂಟ್ ಫಳಫಳ ಅನ್ನುತ್ತಿದ್ದರೂ ಒಳಗೆ, ತಳದ ಹೊರಮಗ್ಗುಲಿನ ಮಡಿಕೆಯುದ್ದಕ್ಕೂ, ಕೆಂಪು ತುಕ್ಕು ಗೆರೆ ಎಳೆದ ಹಾಗೆ ಕೂತಿರುತ್ತದೆ. ಅದಕ್ಕೂ ಕಾರಣವಿದೆ. ಬಹುತೇಕ ಬೈಕುಗಳಲ್ಲಿ ಚೈನ್ ಎಡಗಡೆ, ಸೈಡ್ ಸ್ಟ್ಯಾಂಡೂ ಎಡಗಡೆ. ಸೈಡ್ ಸ್ಟ್ಯಾಂಡ್ ಹಾಕಿ ಎಡಕ್ಕೆ ವಾಲಿಸಿ ಇಟ್ಟಾಗ ಒಳಗಿನ ನೀರೆಲ್ಲ ಎಡಮಗ್ಗುಲ ತಳದ ಮೂಲೆಗೆ ಹರಿದು ರಾತ್ರಿಯಿಡೀ ಅಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಜಾಗ ಇದ್ದರೆ ಮೇನ್ ಸ್ಟ್ಯಾಂಡೇ ಹಾಕಿ, ಖರ್ಚಿಲ್ಲದ ರಕ್ಷಣೆ.

ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ತುಕ್ಕು ಉಜ್ಜಿ ಪೇಂಟ್ ಹೊಡೆದು ಮತ್ತೆ ಬಳಸಬಹುದು. ಒತ್ತಿದ ಕಡೆ ತಗಡು ಚೂರಾದರೆ, ಬೋಲ್ಟ್ ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ ಹೊಸದು ಬೇಕು. ಬಿರುಕನ್ನು ವೆಲ್ಡ್ ಮಾಡಿಸುವವರಿದ್ದಾರೆ. ಆ ತೆಳು ತಗಡಿನಲ್ಲಿ ವೆಲ್ಡ್ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಅದಕ್ಕಿಂತ ಅಗಲದ ವಾಷರ್ ಒಳಗೊಂದು ಹೊರಗೊಂದು ಹಾಕಿ ಬಿಗಿದರೆ ಒಂದು ಮಳೆಗಾಲ ದಾಟಿಸಬಹುದು.

ಚೈನಿನ ಮೇಲ್ಭಾಗವನ್ನು ಮಾತ್ರ ಮುಚ್ಚುವ ಅರ್ಧ ಕವರಿನ ಬೈಕಾಗಿದ್ದರೆ ಎಂಜಿನ್ ಬದಿಯ ಸಣ್ಣ ಸ್ಪ್ರಾಕೆಟ್ಟಿನ ಮುಚ್ಚಳ ಮರೆಯಬೇಡಿ. ಗೇರ್ ಲಿವರಿನ ಹಿಂದಿನ ಈ ಮುಚ್ಚಳದೊಳಗೆ ಚೈನ್ ಸ್ಪ್ರೇ, ಕೆಸರು, ಅಡಿಕೆ ಸಿಪ್ಪೆಯ ನಾರು ಎಲ್ಲ ಸೇರಿ ಕಪ್ಪು ಮುದ್ದೆ ಕಟ್ಟಿರುತ್ತದೆ. ಹಳೆಯ ಸ್ಕ್ರೂ ಡ್ರೈವರಿನಲ್ಲಿ ಕೆರೆದು ತೆಗೆಯಿರಿ, ಆದರೆ ಶಾಫ್ಟಿನ ಸುತ್ತಲಿನ ಆಯಿಲ್ ಸೀಲಿಗೆ ತುದಿ ತಾಗಿಸಬೇಡಿ.

(ತೋಟದ ದಾರಿಯಲ್ಲಿ ಬೈಕ್ ನಿಲ್ಲಿಸಿ ಈ ಪರೀಕ್ಷೆಗೆ ಕೂರಬೇಡಿ. ಚೈನ್ ನೋಡಿ ಮುಗಿಸುವಷ್ಟರಲ್ಲಿ ಇಂಬಳಗಳು ನಿಮ್ಮನ್ನು ನೋಡಿ ಮುಗಿಸಿರುತ್ತವೆ.)

ಹಂತ 2: ಚೈನ್ ಉಳಿದಿದೆಯೇ ಅಂತ ಅಳೆಯಿರಿ

ಮುಗಿದ ಚೈನಿಗೆ ಹೊಸ ಕವರ್ ಹಾಕುವುದು ದಂಡ. ಸವೆದ ಚೈನ್ ಒಳಗೆ ಕುಣಿದು ಹೊಸ ತಗಡನ್ನೂ ಉಜ್ಜುತ್ತದೆ.

100ರಿಂದ 160 ಸಿಸಿ ವರೆಗಿನ ಹೆಚ್ಚಿನ ಬೈಕುಗಳಲ್ಲಿ ಇರುವುದು 428 ನಂಬರಿನ ಚೈನ್. ನಂಬರ್ ಕೊಂಡಿಯ ತಗಡಿನ ಮೇಲೆಯೇ ಒತ್ತಿರುತ್ತದೆ. ಅದರ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್. ಕೆಳಗಿನ ಚೈನನ್ನು ಬಿಗಿಯಾಗಿ ಎಳೆದುಕೊಂಡು 21 ಪಿನ್ ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ ಚೈನಾದರೆ 254 ಮಿಲಿಮೀಟರ್ ಬರಬೇಕು. 257 ದಾಟಿದ್ದರೆ ಇನ್ನೊಂದು ಮಳೆಗಾಲ ಕಾಯಬೇಡಿ. 259ಕ್ಕೆ ಬಂದಿದ್ದರೆ ಎರಡು ಶೇಕಡಾ ಹಿಗ್ಗಿದೆ, ಅದರ ಆಯಸ್ಸು ತೀರಿತು. ದೊಡ್ಡ ಬೈಕುಗಳ 520 ಚೈನಿನಲ್ಲಿ ಇದೇ ಅಳತೆ ಹೊಸದರಲ್ಲಿ 317.5 ಮಿಲಿಮೀಟರ್. ನಿಮ್ಮ ಬೈಕಿನ ಕೈಪಿಡಿಯಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಟೇಪ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಕಣ್ಣಿಗೆ ಕಂಡರೆ ಚೈನ್ ಹೋಗಿದೆ. ಹಲ್ಲುಗಳು ಒಂದೇ ಕಡೆಗೆ ಬಾಗಿ ಚೂಪಾಗಿದ್ದರೆ ಸ್ಪ್ರಾಕೆಟ್ಟೂ ಹೋಗಿದೆ. ಬದಲಿಸುವಾಗ ಚೈನು, ಎರಡು ಸ್ಪ್ರಾಕೆಟ್ಟು ಮೂರನ್ನೂ ಒಟ್ಟಿಗೆ ಬದಲಿಸಿ. ಹಳೆ ಸ್ಪ್ರಾಕೆಟ್ಟು ಹೊಸ ಚೈನನ್ನು ಬೇಗ ತಿನ್ನುತ್ತದೆ.

ಹಂತ 3: ಯಾವ ಕವರ್, ಯಾವ ದಾರಿಗೆ

ಒತ್ತು ತಗಡಿನ ಪೂರ್ತಿ ಕೇಸ್. ಸ್ಪ್ಲೆಂಡರ್ ಜಾತಿಯ ಕಮ್ಯೂಟರ್ ಬೈಕುಗಳಿಗೆ ನನ್ನ ಓಟು ಇದಕ್ಕೇ. ಕಂಪನಿಯ ಅಸಲಿ ಜೋಡಿಗೆ ಸುಮಾರು 500ರಿಂದ 900 ರೂಪಾಯಿ, ಬೇರೆಯವರು ಮಾಡಿದ್ದಕ್ಕೆ 300ರಿಂದ 500. ಮಾದರಿ, ಊರು, ಅಂಗಡಿ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಒಳಗೆ ಪೇಂಟ್ ಹೊಡೆದು ಹಾಕಿದ ಅಸಲಿ ಕೇಸ್ ನಮ್ಮ ಮಳೆಯಲ್ಲೂ ನಾಲ್ಕೈದು ವರ್ಷ ನಿಲ್ಲುತ್ತದೆ. ಪೇಂಟ್ ಹೊಡೆಯದ ಅಗ್ಗದ್ದು ಎರಡನೇ ಮಳೆಗಾಲದಲ್ಲಿ ತೂತು ಬೀಳುತ್ತದೆ, ಮೊದಲನೆಯದರಲ್ಲೇ ಗಡಗಡ ಶುರು ಮಾಡುತ್ತದೆ.

ಪ್ಲಾಸ್ಟಿಕ್ ಅರ್ಧ ಕವರ್. ತುಕ್ಕಿನ ಭಯವಿಲ್ಲ, ಒಡೆಯುವ ಭಯವಿದೆ. ಕೊಳ್ಳುವಾಗ ಒಳಮೈಯಲ್ಲಿ ಸಣ್ಣದಾಗಿ ಅಚ್ಚೊತ್ತಿದ ಅಕ್ಷರ ಹುಡುಕಿ. ಪಿಪಿ ಅಂತ ಇದ್ದರೆ ಪಾಲಿಪ್ರೊಪಿಲೀನ್: ಬಗ್ಗುತ್ತದೆ, ಕಲ್ಲು ಬಡಿದರೂ ತಡೆದುಕೊಳ್ಳುತ್ತದೆ, ಪೇಂಟ್ ಮಾತ್ರ ಹಿಡಿಯುವುದಿಲ್ಲ. ಎಬಿಎಸ್ (ಇನ್ನೊಂದು ಬಗೆಯ ಪ್ಲಾಸ್ಟಿಕ್, ಬ್ರೇಕಿನ ಎಬಿಎಸ್ ಅಲ್ಲ) ಅಂತ ಇದ್ದರೆ ನೋಡಲು ಚಂದ, ಆದರೆ ವರ್ಷಗಟ್ಟಲೆ ಬಿಸಿಲು ತಿಂದ ಮೇಲೆ ಬೋಲ್ಟ್ ಬುಡದಲ್ಲಿ ಸೀಳುತ್ತದೆ. ಹೊಸನಗರ ತಾಲೂಕಿನ ನಗರ, ಹುಲಿಕಲ್ ಊರುಗಳ ಕಡೆಯ ಕಲ್ಲುದಾರಿಗೆ ಪಿಪಿಯೇ ವಾಸಿ.

ಫೈಬರ್ ಮತ್ತು ಅಲ್ಯೂಮಿನಿಯಂ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಅಳತೆ ಕೊಟ್ಟು ಮಾಡಿಸಬಹುದು. ಎರಡು ಸಾವಿರದಿಂದ ಮೂರು ಸಾವಿರದವರೆಗೆ ಹೋಗುತ್ತದೆ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಸದಾ ನಡುಗುವ ಜಾಗದಲ್ಲಿ ಬಾಗಿಸಿದ ಮೂಲೆಗಳು ಬಿರಿಯುತ್ತವೆ. ಫೈಬರ್ ಬಿರಿದರೆ ರೆಸಿನ್ ಹಚ್ಚಿ ಕೂಡಿಸಬಹುದು ಅನ್ನುವುದೊಂದೇ ಅದರ ಪರವಾಗಿ ಹೇಳುವ ಮಾತು.

ರಬ್ಬರ್ ಫ್ಲ್ಯಾಪ್. ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಲಾರಿ ಮಡ್‌ಫ್ಲ್ಯಾಪಿನ ತುಂಡನ್ನು ಹಿಂದಿನ ಟೈರಿಗೂ ಚೈನಿಗೂ ನಡುವೆ ಗೋಡೆಯ ಹಾಗೆ ನಿಲ್ಲಿಸುವುದು, ಅಷ್ಟೇ. ಚೈನಿಗೆ ಬರುವ ಕೆಸರಿನಲ್ಲಿ ದೊಡ್ಡ ಪಾಲು ಆಕಾಶದಿಂದ ಬರುವುದಲ್ಲ, ಹಿಂದಿನ ಟೈರ್ ಎರಚಿದ್ದು. ಅದನ್ನು ಅಲ್ಲೇ ತಡೆದರೆ ಅರ್ಧ ಯುದ್ಧ ಗೆದ್ದ ಹಾಗೆ. ತುಂಡಿಗೆ ಐವತ್ತು, ಬೋಲ್ಟು ಕ್ಲಿಪ್ಪಿಗೆ ಇನ್ನೊಂದು ಮೂವತ್ತು ರೂಪಾಯಿ. ಓ-ರಿಂಗ್ ಚೈನಿನ ಬೈಕ್ ಇರುವವರಿಗೆ ಇದಕ್ಕಿಂತ ಲಾಭದ ವಸ್ತು ಇಲ್ಲ.

ಬಟ್ಟೆ ಅಥವಾ ನಿಯೋಪ್ರೀನ್ (ರಬ್ಬರಿನ ಜಾತಿಯ ಹಾಳೆ) ಹೊದಿಕೆ. ಹಿಮದ ಮೇಲೆ ಓಡುವ ಸ್ನೋ ಬೈಕುಗಳ ವಿಡಿಯೋ ನೋಡಿ ಇದನ್ನು ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ಸ್ನೋ ಬೈಕ್ ಅಂದರೆ ಮೋಟೋಕ್ರಾಸ್ ಬೈಕಿನ ಮುಂದಿನ ಚಕ್ರದ ಜಾಗಕ್ಕೆ ಸ್ಕೀ, ಹಿಂದಿನ ಚಕ್ರದ ಜಾಗಕ್ಕೆ ರಬ್ಬರ್ ಟ್ರ್ಯಾಕ್ ಹಾಕಿದ ಗಾಡಿ. ಎಂಜಿನ್ನಿನ ಶಕ್ತಿ ಟ್ರ್ಯಾಕಿಗೆ ಹೋಗುವುದು ಅಲ್ಲೂ ಚೈನಿನ ಮೂಲಕವೇ. ಆದರೆ ಅಲ್ಲಿನ ಕಷ್ಟವೇ ಬೇರೆ. ಬಿಸಿ ಎಂಜಿನ್ನಿಗೆ ತಾಗಿದ ಹಿಮ ಕರಗಿ, ಕೆಳಗಿಳಿದು, ತಣ್ಣಗಿನ ಭಾಗಗಳ ಮೇಲೆ ಮತ್ತೆ ಮಂಜುಗಡ್ಡೆಯಾಗುತ್ತದೆ. ಎಂಜಿನ್ ಸುತ್ತ ಹೊದಿಕೆ ಸುತ್ತಿದರೆ ಹಿಮ ಹೊರಗೆ, ಬಿಸಿ ಒಳಗೆ. ನಮ್ಮಲ್ಲಿ ಅದೇ ಹೊದಿಕೆ ಒದ್ದೆ ಜೇಡಿಯನ್ನು ಚೈನಿಗೆ ಒತ್ತಿಹಿಡಿದು, ಒಣಗಲೂ ಬಿಡದೆ, ಎಂಜಿನ್ನಿಗೆ ಗಾಳಿಯೂ ಸಿಗದಂತೆ ಮಾಡುತ್ತದೆ. ಅದನ್ನು ಅಲ್ಲಿನವರಿಗೇ ಬಿಡೋಣ.

ಸ್ಕೂಟರಿನವರಿಗೆ ಒಂದೆರಡು ಮಾತು: ನಿಮ್ಮಲ್ಲಿ ಚೈನ್ ಇಲ್ಲ, ಎಡಗಡೆಯ ದೊಡ್ಡ ಮುಚ್ಚಳದೊಳಗೆ ಬೆಲ್ಟ್ ಇದೆ. ಮುಚ್ಚಳದ ಗ್ಯಾಸ್ಕೆಟ್ ಸರಿಯಿದ್ದರೆ ಸಾಕು. ಬೆಲ್ಟ್ ತಣಿಯಲು ಒಳಗೆ ಗಾಳಿ ಹೋಗುವ ದಾರಿಯೊಂದು ಇರುತ್ತದೆ. ನೀರು ಆ ಮಟ್ಟಕ್ಕೆ ನಿಂತ ಕಡೆ ಸ್ಕೂಟರ್ ಇಳಿಸಬೇಡಿ. ಒದ್ದೆಯಾದ ಬೆಲ್ಟ್ ಜಾರುತ್ತದೆ, ಘಾಟಿ ಏರುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಹಂತ 4: ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಬೇಕಾದ್ದು

ಪ್ಯಾಕೆಟ್ ಮೇಲಿನ ಹೆಸರಿಗಿಂತ ಕೈ ಹೆಚ್ಚು ನಿಜ ಹೇಳುತ್ತದೆ. ಕೆಳಗಿನ ಅರ್ಧವನ್ನು ಎರಡೂ ತುದಿ ಹಿಡಿದು ಸ್ವಲ್ಪ ತಿರುಚಿ. ಡಬ್ಬದ ಮುಚ್ಚಳದಂತೆ ಟಕ್ ಟಕ್ ಅಂದರೆ ತಗಡು ತೆಳು, ವಾಪಸ್ ಕೊಡಿ. ಅಂಚನ್ನು ಬೆರಳಿನಿಂದ ಸವರಿ. ಒಳ್ಳೆಯದರಲ್ಲಿ ಅಂಚು ಮಡಚಿರುತ್ತದೆ. ಕತ್ತರಿಸಿ ಬಿಟ್ಟ ಹಸಿ ಅಂಚಾದರೆ ಪೇಂಟ್ ಅಲ್ಲಿ ನಿಲ್ಲುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ಬೋಲ್ಟ್ ಕೂರುವ ಕ್ಲಾಂಪಿನ ವೆಲ್ಡ್ ಗುರುತು ಎಣಿಸಿ. ಒಂದೇ ಚುಕ್ಕೆಯ ವೆಲ್ಡ್ ಗುಂಡಿ ರಸ್ತೆಗೆ ತಡೆಯುವುದಿಲ್ಲ, ಎರಡಾದರೂ ಇರಲಿ. ಮೇಲಿನದ್ದು ಕೆಳಗಿನದ್ದು ಎರಡನ್ನೂ ಅಲ್ಲೇ ಜೋಡಿಸಿ ಬೆಳಕಿಗೆ ಹಿಡಿದರೆ ಸಂದು ಎಷ್ಟಿದೆ ಅಂತ ತಿಳಿಯುತ್ತದೆ. ಬಿರಡೆ, ಬೋಲ್ಟು ಜೊತೆಗಿದೆಯೇ ಕೇಳಿ. "ಎಲ್ಲ ಮಾಡೆಲ್ಲಿಗೂ ಬರುತ್ತೆ" ಅಂತ ಅಂಗಡಿಯವರು ಹೇಳಿದರೆ ಯಾವ ಮಾಡೆಲ್ಲಿಗೂ ಸರಿಯಾಗಿ ಬರುವುದಿಲ್ಲ ಅಂತಲೇ ತಿಳಿಯಿರಿ. ಹಳೆಯ ಕೇಸನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೂತಿಗೆ ತೂತು ಹೋಲಿಸಿ.

ಬಯಲು ಚೈನಿನ ಬೈಕಿಗೆ ಪೂರ್ತಿ ಕೇಸ್ ಕೂರಿಸಲು ಹೊರಟವರು ಸ್ವಲ್ಪ ನಿಲ್ಲಿ. ಹಿಂದಿನ ಚಕ್ರ ಹಿಡಿದಿರುವ ತೋಳಿನಲ್ಲಿ, ಅಂದರೆ ಸ್ವಿಂಗ್‌ಆರ್ಮಿನಲ್ಲಿ, ಅದಕ್ಕೆ ಬೋಲ್ಟ್ ಕೂರಿಸುವ ಕಿವಿಗಳೇ ಇರುವುದಿಲ್ಲ. ಕಿವಿ ವೆಲ್ಡ್ ಮಾಡಿಸಿದರೆ ವಾರಂಟಿ ತಕರಾರು ಬರಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಬೈಕುಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ. ಬ್ಯಾಟರಿ ತಂತಿ ಬಿಚ್ಚದೆ ಆರ್ಕ್ ವೆಲ್ಡಿಂಗ್ ಮಾಡಿದರೆ ಎಂಜಿನ್ನಿನ ಕಂಪ್ಯೂಟರ್ ಸುಡುವ ಅಪಾಯವಿದೆ. ಫ್ಲ್ಯಾಪ್ ಹಾಕಿಸಿಕೊಂಡು ಸುಮ್ಮನಿರುವುದು ಜಾಣತನ.

ಹಂತ 5: ಹಾಕುವ ಮೊದಲಿನ ಕೆಲಸ, ಮೇ ತಿಂಗಳಲ್ಲಿ

ಇದೇ ಮುಖ್ಯ ಹಂತ, ಮತ್ತು ಯಾವ ಗ್ಯಾರೇಜಿನವರೂ ನಿಮಗಾಗಿ ಮಾಡಿಕೊಡದ ಹಂತ. ಬಿಸಿಲಿರುವಾಗಲೇ ಮುಗಿಸಿ, ಮೃಗಶಿರ ಮಳೆ ಜೂನ್ 7–8ಕ್ಕೆ ಕೂಡುತ್ತದೆ, ಆಮೇಲೆ ಪೇಂಟ್ ಒಣಗುವುದಿಲ್ಲ.

ಹೊಸ ಕೇಸಿನ ಒಳಮೈಯನ್ನು 220ರ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್. ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ಎನಾಮೆಲ್. ತಳದ ಮಡಿಕೆಯೊಳಗೆ ಬ್ರಷ್ ತುದಿ ಹೊಗಿಸಿ, ಪೇಂಟ್ ತುಂಬಿಕೊಳ್ಳುವ ಹಾಗೆ ಬಳಿಯಿರಿ. ಕಾರಿನ ಅಡಿಗೆ ಹೊಡೆಯುವ ಕಪ್ಪು ಡಾಂಬರು ಸ್ಪ್ರೇ ಸಿಕ್ಕರೆ ಕೊನೆಗೆ ಒಂದು ಪದರ ಅದನ್ನೂ ಹೊಡೆಯಬಹುದು. ಕಲ್ಲು ಬಡಿದರೆ ಎನಾಮೆಲ್ ಸಿಡಿಯುತ್ತದೆ, ಡಾಂಬರು ಸಿಡಿಯುವುದಿಲ್ಲ. ಗಡಗಡವೂ ತಗ್ಗುತ್ತದೆ.

ಇನ್ನು ತೂತು. ಕೆಲವು ಕೇಸುಗಳಲ್ಲಿ ನೀರು ಇಳಿಯುವ ಸೀಳು ಇರುತ್ತದೆ, ಕೆಲವಕ್ಕೆ ಇಲ್ಲ, ಇದ್ದರೂ ಸಣ್ಣದು. ಕೇಸನ್ನು ಬೈಕಿಗೆ ಸುಮ್ಮನೆ ಇಟ್ಟು, ಒಬ್ಬರನ್ನು ಸೀಟಿನ ಮೇಲೆ ಕೂರಿಸಿ, ಒಳಗೆ ಒಂದು ಲೋಟ ನೀರು ಸುರಿಯಿರಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ. ಸೈಡ್ ಸ್ಟ್ಯಾಂಡ್ ಹಾಕಿ ಇನ್ನೊಮ್ಮೆ ಸುರಿದು ಇನ್ನೊಂದು ಗುರುತು. ಮೇನ್ ಸ್ಟ್ಯಾಂಡಿನಲ್ಲಿ ಹಿಂಭಾಗ ಎತ್ತರವಾಗುವುದರಿಂದ ನೀರು ಮುಂದಕ್ಕೆ ಹರಿಯುತ್ತದೆ. ಅಲ್ಲಿ ಕೇಸ್ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಗುರುತು ಹಾಕಿದ ಕಡೆ 6 ಎಂಎಂ ಡ್ರಿಲ್ಲಿನಲ್ಲಿ ತೂತು ಹೊಡೆಯಿರಿ. ಟೈರಿನಿಂದ ದೂರದ ಮಗ್ಗುಲಲ್ಲೇ ಇರಲಿ, ಇಲ್ಲವಾದರೆ ಹೊರಬೀಳಬೇಕಾದ ದಾರಿಯಲ್ಲೇ ಕೆಸರು ಒಳಗೆ ಬರುತ್ತದೆ. ತೂತಿನ ಸುತ್ತಲಿನ ಜುಂಗನ್ನು ಅರದಲ್ಲಿ ಉಜ್ಜಿ, ಹಸಿ ಅಂಚಿಗೆ ಪ್ರೈಮರ್ ಮುಟ್ಟಿಸಿ. ತೂತಿನ ಮುಂಬದಿಗೆ ಹಳೆ ಟ್ಯೂಬಿನ ಸಣ್ಣ ತುಂಡೊಂದನ್ನು ತುಟಿಯಂತೆ ಅಂಟಿಸಿದರೆ ಎದುರಿನಿಂದ ಎರಚುವ ನೀರೂ ತಪ್ಪುತ್ತದೆ.

ಪ್ರೈಮರ್, ಎನಾಮೆಲ್, ಬ್ರಷ್, ಉಪ್ಪುಕಾಗದ ಎಲ್ಲ ಸೇರಿ 200ರಿಂದ 300 ರೂಪಾಯಿ, ಅದೂ ಎರಡು ಮೂರು ಬೈಕಿಗೆ ಸಾಕು. ಅಕ್ಕಪಕ್ಕದ ಮನೆಯವರು ಸೇರಿ ಒಂದೇ ದಿನ ಮಾಡಿಕೊಂಡರೆ ಇನ್ನೂ ಅಗ್ಗ.

ಹಂತ 6: ಕೂರಿಸುವುದು

ಮೊದಲು ಚೈನಿನ ಸಡಿಲ ಸರಿಮಾಡಿ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ ಕೆಳಗಿನ ಚೈನ್ ಮೇಲೆ ಕೆಳಗೆ ಆಡುವುದನ್ನು ಅಳೆಯಿರಿ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್; ನಿಮ್ಮ ಬೈಕಿನ ಖಚಿತ ಅಂಕಿ ಕೈಪಿಡಿಯಲ್ಲಿದೆ. ಎರಡೂ ಕಡೆಯ ಅಡ್ಜಸ್ಟರಿನ ಗೆರೆಗಳು ಸಮವಾಗಿರಲಿ. ಕವರ್ ಹಾಕಿ ಆಮೇಲೆ ಚೈನ್ ಎಳೆದರೆ ಚಕ್ರ ಹಿಂದಕ್ಕೆ ಸರಿದು ಸ್ಪ್ರಾಕೆಟ್ಟು ಕೇಸಿನ ಹಿಂಗೋಡೆಗೆ ತಾಗಬಹುದು. ಅದಕ್ಕೇ ಈ ಕ್ರಮ.

ಮೇಲಿನ ಅರ್ಧ ಮೊದಲು, ಕೆಳಗಿನದು ಆಮೇಲೆ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಹಿಡಿಸಿ ಕೊನೆಗೆ ಒಟ್ಟಿಗೆ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಮಿಕ್ಕವು ಕೂರುವುದಿಲ್ಲ, ಎಳೆದು ಕೂರಿಸಿದ ತಗಡು ಬಿರಿಯುತ್ತದೆ. ತಗಡಿಗೂ ಬೋಲ್ಟಿಗೂ ನಡುವೆ ಟ್ಯೂಬ್ ರಬ್ಬರಿನ ವಾಷರ್, ಹಿಂದೆ ನಡುಗಿದರೂ ಸಡಿಲವಾಗದ ನೈಲಾಕ್ ನಟ್ ಹಾಕಿ. ಚೈನಿಗೂ ತಗಡಿಗೂ ಎಲ್ಲೆಡೆ ಕಿರುಬೆರಳು ತೂರುವಷ್ಟು ಜಾಗ ಇರಬೇಕು. ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ಪೂರ್ತಿ ತಿರುಗಿಸಿ ಕಿವಿಗೊಡಿ. ಆಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ; ಭಾರ ಬಿದ್ದಾಗ ಮಾತ್ರ ತಾಗುವ ಕೇಸುಗಳೂ ಇವೆ.

ಫ್ಲ್ಯಾಪ್ ಹಾಕುವವರು ಅದರ ಕೆಳತುದಿ ಟೈರಿಗಾಗಲಿ ಚೈನಿಗಾಗಲಿ ತಾಗದಂತೆ ಎರಡು ಕಡೆ ಬಿಗಿಯಿರಿ. ಒಂದೇ ಬೋಲ್ಟಿನಲ್ಲಿ ತೂಗುವ ರಬ್ಬರ್ ಚೈನಿಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಹಿಡಿದುಬಿಡಬಹುದು. ಎಬಿಎಸ್ ಬ್ರೇಕಿನ ಬೈಕಾದರೆ ಸೆನ್ಸರಿನ ತಂತಿ ಫ್ಲ್ಯಾಪಿನಡಿ ಸಿಕ್ಕಿಕೊಳ್ಳದಿರಲಿ.

ಹಂತ 7: ಮಳೆಗಾಲದ ಉಪಚಾರ

ವಾರಕ್ಕೊಮ್ಮೆ, ಅಥವಾ 250–300 ಕಿಲೋಮೀಟರಿಗೊಮ್ಮೆ, ಬಿರಡೆ ತೆಗೆದು ಎಣ್ಣೆ ಬಿಡಿ. ಬೇಸಿಗೆಯಲ್ಲಿ 500 ಕಿಲೋಮೀಟರಿಗೆ ಸಾಕು. ಸವಾರಿ ಮುಗಿಸಿ ಬಂದಾಗ ಚೈನ್ ಬೆಚ್ಚಗಿರುತ್ತದೆ, ಎಣ್ಣೆ ಒಳಗೆ ಇಳಿಯುತ್ತದೆ; ಆಗ ಹಾಕಿ ರಾತ್ರಿ ಬಿಟ್ಟರೆ ಸರಿ. 90 ನಂಬರ್ ಗೇರ್ ಆಯಿಲ್ ಸಾಕು, ಲೀಟರಿಗೆ 300 ರೂಪಾಯಿ ಆಸುಪಾಸು, ಎರಡು ವರ್ಷ ಬರುತ್ತದೆ. ಚೈನ್ ಸ್ಪ್ರೇ ಡಬ್ಬ 400–500 ರೂಪಾಯಿ. ಬಯಲು ಚೈನಿಗೆ ಅದು ಒಳ್ಳೆಯದು, ಎರಚುವುದಿಲ್ಲ. ಗ್ಯಾರೇಜಿನಿಂದ ಪುಕ್ಕಟೆ ತಂದ ಹಳೆ ಎಂಜಿನ್ ಆಯಿಲ್ ಹಾಕಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಡಬ್ಲ್ಯೂಡಿ-40 ನೀರು ಓಡಿಸುವುದಕ್ಕೆ ಸರಿ, ಅದನ್ನೇ ಎಣ್ಣೆ ಅಂತ ನಂಬಬೇಡಿ. ಬಯಲು ಚೈನಿಗೆ ಗ್ರೀಸ್ ಮೆತ್ತುವುದಂತೂ ಮರಳಿಗೆ ಕರೆ ಕೊಟ್ಟ ಹಾಗೆ. ಓ-ರಿಂಗ್ ಚೈನ್ ತೊಳೆಯಲು ಸೀಮೆಎಣ್ಣೆ ಆಗುತ್ತದೆ, ಪೆಟ್ರೋಲ್ ಬೇಡ, ಉಂಗುರ ಹಾಳಾಗುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ಗನ್ನನ್ನು ಚೈನಿಗೆ ನೇರ ಹಿಡಿಯದಂತೆ ಹೇಳಿ.

ತೋಟದವರಿಗೆ ಬೇರೆಯೇ ಒಂದು ಎಚ್ಚರಿಕೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಚೀಲ, ದ್ರಾವಣದ ಡ್ರಮ್ಮು ಎಲ್ಲ ಬೈಕಿನ ಹಿಂದೆಯೇ ಬರುತ್ತದೆ. ಬೋರ್ಡೊ ಸರಿಯಾಗಿದೆಯೇ ಅಂತ ನಮ್ಮವರು ಕಬ್ಬಿಣದ ಚಾಕು ಅದ್ದಿ ನೋಡುವುದು ಗೊತ್ತಲ್ಲ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ತಾಮ್ರ ಕೂತಷ್ಟು ಕಬ್ಬಿಣ ಕರಗುತ್ತದೆ. ಅದೇ ಆಟ ನಿಮ್ಮ ಚೈನ್ ಕೇಸಿನ ಮೇಲೂ ನಡೆಯುತ್ತದೆ. ಸುಣ್ಣ ಸರಿಯಾಗಿ ಸೇರಿದ ಬೋರ್ಡೊ ಅಷ್ಟು ಕೆಡುಕಲ್ಲ. ಒದ್ದೆ ಚೀಲದಿಂದ ಸೋರುವ ಬರೀ ಮೈಲುತುತ್ತ ಮಾತ್ರ ಸತುವಿನ ಲೇಪನ, ಪೇಂಟ್ ಕಿತ್ತ ಜಾಗ, ಬೋಲ್ಟು ಯಾವುದನ್ನೂ ಬಿಡುವುದಿಲ್ಲ. ಆ ದಿನವೇ ನಾಲ್ಕು ಚೆಂಬು ನೀರು ಹುಯ್ದು ತೊಳೆದು ಎಣ್ಣೆ ಬಿಡಿ. ಚೀಲವನ್ನು ಬಲಗಡೆ ಕಟ್ಟಿದರೆ ಇನ್ನೂ ಒಳ್ಳೆಯದು, ಚೈನ್ ಎಡಗಡೆ ಇದೆಯಲ್ಲ.

ದೀಪಾವಳಿ ಕಳೆದು ಬಿಸಿಲು ಹತ್ತಿದ ಮೇಲೆ ಒಮ್ಮೆ ಎಲ್ಲ ಬಿಚ್ಚಿ, ತೊಳೆದು, ತುಕ್ಕು ಕಂಡಲ್ಲಿ ಪೇಂಟ್ ಮುಟ್ಟಿಸಿ ಹಾಕಿ.

ಲೆಕ್ಕಕ್ಕೆ ಬರೋಣ

ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುವ ಕಮ್ಯೂಟರ್ ಬೈಕ್ ಅಂತ ಇಟ್ಟುಕೊಳ್ಳಿ. ಚೈನ್ ಸ್ಪ್ರಾಕೆಟ್ ಕಿಟ್ಟಿಗೆ ಕೂಲಿ ಸೇರಿ 1,400 ರೂಪಾಯಿ. ಕವರ್ ಕೆಟ್ಟು ಕಿಟ್ 12,000 ಕಿಲೋಮೀಟರಿಗೆ ಮುಗಿದರೆ ವರ್ಷದ ಪಾಲು ಸುಮಾರು 933 ರೂಪಾಯಿ. ಒಳ್ಳೆಯ ಕೇಸಿನೊಳಗೆ 20,000 ಬಂದರೆ 560. ಉಳಿತಾಯ 370ರ ಹತ್ತಿರ. ಕೇಸಿಗೆ 600 ಕೊಟ್ಟು ನಾಲ್ಕು ವರ್ಷ ಬಳಸಿದರೆ ವರ್ಷಕ್ಕೆ 150. ಕಳೆದರೂ ಕೈಯಲ್ಲಿ ಇನ್ನೂರು ಚಿಲ್ಲರೆ ಉಳಿಯಿತು. ಮುನ್ನೂರರ ಅಗ್ಗದ ಕೇಸ್ ಒಂದೂವರೆ ವರ್ಷಕ್ಕೆ ಹೋದರೆ ಅದರ ಪಾಲು ವರ್ಷಕ್ಕೆ 200, ಅಂದರೆ ಅಸಲಿಗಿಂತ ದುಬಾರಿ.

ಓ-ರಿಂಗ್ ಬೈಕಿನ ಲೆಕ್ಕ ಬೇರೆ. ಕಿಟ್ 3,000, ಆಯಸ್ಸು 15,000 ಕಿಲೋಮೀಟರ್ ಅಂದರೆ ವರ್ಷಕ್ಕೆ 1,600. ಎಂಬತ್ತು ರೂಪಾಯಿಯ ಫ್ಲ್ಯಾಪಿನಿಂದ ಆಯಸ್ಸು 18,000ಕ್ಕೆ ಏರಿದರೂ ವರ್ಷಕ್ಕೆ 267 ರೂಪಾಯಿ ಉಳಿತಾಯ; ಫ್ಲ್ಯಾಪಿನ ಅಸಲು ಮೊದಲ ಮಳೆಗಾಲದಲ್ಲೇ ಹುಟ್ಟಿತು. ಅದೇ 2,800 ಕೊಟ್ಟು ಅಲ್ಯೂಮಿನಿಯಂ ಕವರ್ ಮಾಡಿಸಿ, ಅದು ಐದು ವರ್ಷ ಬಾಳಿ, ಚೈನ್ 20,000 ಬಂದರೂ ವರ್ಷಕ್ಕೆ ಉಳಿಯುವುದು 400, ಕವರಿಗೆ ಹೋಗುವುದು 560. ಚಂದಕ್ಕೆ ಮಾಡಿಸುವುದಾದರೆ ಮಾಡಿಸಿ, ಉಳಿತಾಯ ಅಂತ ಮನೆಯಲ್ಲಿ ಹೇಳಬೇಡಿ. ಈ ಅಂಕಿಗಳ ಜಾಗಕ್ಕೆ ನಿಮ್ಮ ಓಡಾಟ, ನಿಮ್ಮ ಊರಿನ ಬೆಲೆ ಹಾಕಿ ನೋಡಿ. ಕಿಟ್ಟಿನ ಬೆಲೆಯನ್ನು ಅದು ಓಡಿದ ಕಿಲೋಮೀಟರಿನಿಂದ ಭಾಗಿಸಿ, ವರ್ಷದ ಓಡಾಟದಿಂದ ಗುಣಿಸುವುದು, ಅಷ್ಟೇ ಲೆಕ್ಕ.

ದಾರಿಯಲ್ಲಿ ಕಿತ್ತುಹೋದರೆ

ಘಾಟಿಯ ನಡುವೆ ಕೆಳಗಿನ ಅರ್ಧ ಕಳಚಿ ರಸ್ತೆಗೆ ಉಜ್ಜತೊಡಗಿದರೆ ಕಾಲಿನಿಂದ ಒದ್ದು ಸರಿಮಾಡಲು ಹೋಗಬೇಡಿ. ತಿರುವು ದಾಟಿ ಅಗಲ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿನ ಅರ್ಧವನ್ನು ಪೂರ್ತಿ ಬಿಚ್ಚಿ ಹಿಂದೆ ಕಟ್ಟಿಕೊಳ್ಳಿ. ಮೇಲಿನ ಅರ್ಧ ಬಿಗಿಯಲು ಬೋಲ್ಟ್ ಸಿಗದಿದ್ದರೆ ಎರಡು ಕೇಬಲ್ ಟೈ ಸಾಕು. ಸೀಟಿನಡಿ ನಾಲ್ಕು ಇಟ್ಟುಕೊಂಡಿರಿ. ಮೇಲಿನ ಅರ್ಧವನ್ನಂತೂ ತೆಗೆಯಲೇಬೇಡಿ. ಹಿಂದೆ ಕೂತವರ ಸೀರೆ, ದುಪಟ್ಟಾ ಚೈನಿಗೆ ಹೋಗದಂತೆ ತಡೆಯುವುದು ಅದೇ. ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಕೂಡ ಹೇಳುತ್ತದೆ. ಮೇಲಿನದ್ದೂ ಅಲುಗಾಡುತ್ತಿದ್ದರೆ ಅದನ್ನು ಕೇಬಲ್ ಟೈಯಲ್ಲಿ ಸ್ವಿಂಗ್‌ಆರ್ಮಿಗೆ ಬಿಗಿದು, ಹಿಂದೆ ಕೂತವರನ್ನು ಬಸ್ಸಿಗೆ ಹತ್ತಿಸಿ, ನೀವು ಎರಡನೇ ಗೇರಿನಲ್ಲಿ ನಿಧಾನಕ್ಕೆ ಹತ್ತಿರದ ಊರಿನ ಗ್ಯಾರೇಜ್ ಸೇರಿಕೊಳ್ಳಿ.